ಸ್ಕ್ಯಾನಿಂಗ್ ಕೋಣೆಗೆ ಬರುವ ಮೊದಲು
(ಕಾಫಿ ಸೀಮೆಯ ಮಕ್ಕಳ ಫ್ಯಾಟಿ ಲಿವರ್ ಕುರಿತ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ದತ್ತಿ ಉಪನ್ಯಾಸ ಅಂದಮೇಲೆ ವಚನವೋ ಕಾವ್ಯವೋ ಇದ್ದೀತು ಎಂದುಕೊಂಡು ಬಂದವರಿಗೆ ಮೊದಲೇ ಹೇಳಿಬಿಡುತ್ತೇನೆ. ನಾನು ರೇಡಿಯಾಲಜಿ ಓದಿದವನು. ಮಬ್ಬು ಬೆಳಕಿನ ಕೋಣೆಯಲ್ಲಿ ಕೂತು ಜನರ ಹೊಟ್ಟೆಯೊಳಗೆ ಇಣುಕುವುದೇ ನನ್ನ ಕಸುಬು. ಹತ್ತು ಹನ್ನೆರಡು ವರ್ಷದ ಮಕ್ಕಳ ಕೈಯಲ್ಲಿ 'ಹೊಟ್ಟೆ ಸ್ಕ್ಯಾನಿಂಗ್, ಫ್ಯಾಟಿ ಲಿವರ್ ಇದೆಯಾ ನೋಡಿ' ಎಂದು ಬರೆದ ಚೀಟಿ ಹಿಂದೆಲ್ಲ ಅಪರೂಪವಾಗಿತ್ತು, ಈಗ ಹಾಗಿಲ್ಲ. ಅದನ್ನು ಓದಿದ ತಾಯಿ ಮೊದಲು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಇದು ಕುಡಿಯೋರಿಗೆ ಬರೋ ಕಾಯಿಲೆ ಅಲ್ವಾ ಡಾಕ್ಟ್ರೇ?" ಆ ತಾಯಿಗೆ ಹೊರಗೆ ಸಾಲು ಕಾಯುತ್ತಿರುವಾಗ ಎರಡು ನಿಮಿಷದಲ್ಲಿ ಹೇಳಲಾಗದ್ದನ್ನು ಇವತ್ತು ನಿಮ್ಮ ಮುಂದೆ ಸ್ವಲ್ಪ ಬಿಡಿಸಿ ಹೇಳಬೇಕೆಂದಿದ್ದೇನೆ.

ಮಕ್ಕಳ ಲಿವರ್ ಕಾಯಿಲೆ ನಮ್ಮ ಹಿರಿಯರಿಗೆ ಹೊಸದೇನಲ್ಲ. ಎಪ್ಪತ್ತು ದಾಟಿದವರನ್ನು ಕೇಳಿ ನೋಡಿ. ಒಂದೂವರೆ ಎರಡು ವರ್ಷದ ಕೂಸಿಗೆ ಹೊಟ್ಟೆ ಉಬ್ಬಿ, ಕಣ್ಣು ಹಳದಿಯಾಗಿ, ಕೊನೆಗೆ ಕೈಬಿಟ್ಟು ಹೋದ ಕಥೆಯನ್ನು ಅಜ್ಜಿಯ ಬಾಯಿಂದ ಕೇಳಿದವರು ಈ ಸಭೆಯಲ್ಲೂ ಇರಬಹುದು. ವೈದ್ಯಶಾಸ್ತ್ರ ಅದಕ್ಕೆ ಭಾರತದ ಹೆಸರನ್ನೇ ಇಟ್ಟಿತ್ತು, 'ಇಂಡಿಯನ್ ಚೈಲ್ಡ್‌ಹುಡ್ ಸಿರೋಸಿಸ್' ಎಂದು. 1887ರಲ್ಲಿ ಕಲ್ಕತ್ತೆಯ ಸೇನ್ ಎಂಬ ವೈದ್ಯರು ಇದನ್ನು ಮೊದಲು ದಾಖಲಿಸಿದರು. ಆಮೇಲೆ ಸುಮಾರು ನೂರು ವರ್ಷ ದೇಶದ ಮಕ್ಕಳ ವಾರ್ಡುಗಳಲ್ಲಿ ಇದರದೇ ಕಾಟ. ಮದ್ರಾಸಿನ ಜಮ್ಮಿ ವೆಂಕಟರಮಣಯ್ಯನವರ ಲಿವರ್ ಔಷಧಿ ದಕ್ಷಿಣದ ಮನೆಮಾತಾದದ್ದು ಈ ಭಯದಿಂದಲೇ. ಆಗಿನ ಡಾಕ್ಟರರ ಬಳಿ ಸ್ಕ್ಯಾನಿಂಗ್ ಇರಲಿಲ್ಲ, ಬೆರಳಿತ್ತು. ಬಲಪಕ್ಕೆಯ ಕೆಳಗೆ ಕೈಯಿಟ್ಟರೆ ಲಿವರಿನ ಅಂಚು ಎಲೆಯಂಚಿನಷ್ಟು ತೆಳ್ಳಗೆ, ಚೂಪಾಗಿ, ಗಟ್ಟಿಯಾಗಿ ಸಿಗುತ್ತಿತ್ತಂತೆ. ಸಿಕ್ಕರೆ ಮಾತು ಮುಗಿದ ಹಾಗೆ.

ಕಾರಣ ಕೊನೆಗೆ ಸಿಕ್ಕಿದ್ದು ಅಡುಗೆಮನೆಯಲ್ಲಿ. ಪುಣೆಯಲ್ಲಿ ಭಾವೆ, ಪಂಡಿತ್ ಮತ್ತು ಇಂಗ್ಲೆಂಡಿನ ಟ್ಯಾನರ್ ಸೇರಿ ಎಂಬತ್ತರ ದಶಕದಲ್ಲಿ ಕಾಯಿಲೆಯ ಮಕ್ಕಳ ಲಿವರಿನಲ್ಲಿ ವಿಪರೀತ ತಾಮ್ರ ಇರುವುದರ ಜಾಡು ಹಿಡಿದು, ಆ ಮಕ್ಕಳು ಏನು ಕುಡಿದಿದ್ದರು, ಯಾವ ಪಾತ್ರೆಯಲ್ಲಿ ಕುಡಿದಿದ್ದರು ಎಂದು ಮನೆಮನೆ ವಿಚಾರಿಸಿದರು. ಎದೆಹಾಲು ಬೇಗ ಬಿಡಿಸಿ, ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಕಾಯಿಸಿಟ್ಟ ಹಸುವಿನ ಹಾಲು ಕುಡಿಸಿದ ಮನೆಗಳು ಎದ್ದು ಕಂಡವು. ಹಾಲು ತಾಮ್ರವನ್ನು ಹೀರಿಕೊಳ್ಳುತ್ತದೆ, ಕೂಸಿನ ಲಿವರಿಗೆ ಅದನ್ನು ಹೊರಹಾಕುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಕೆಲವು ಮಕ್ಕಳಲ್ಲಿ ಹುಟ್ಟಿನಿಂದಲೇ ಬಂದ ದೌರ್ಬಲ್ಯವೂ ಜೊತೆಗೂಡುತ್ತಿತ್ತೆಂಬ ಅನುಮಾನವಿದೆ. ಸ್ಟೀಲ್ ಪಾತ್ರೆ ಬಂತು, ಕಾಯಿಲೆ ಹೋಯಿತು. ಇವತ್ತು ಎಂ.ಬಿ.ಬಿ.ಎಸ್. ಓದುವ ಮಕ್ಕಳು ಅದನ್ನು ಪುಸ್ತಕದಲ್ಲಷ್ಟೇ ನೋಡುತ್ತಾರೆ.

ಇದೇ ಕಾಯಿಲೆ ಇನ್ನೊಂದು ಗುಡ್ಡಗಾಡು ಸೀಮೆಯಲ್ಲೂ ಇತ್ತು. ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯದ ಹಳ್ಳಿಗಳಲ್ಲಿ 1900ರಿಂದ 1974ರವರೆಗೆ 138 ಮಕ್ಕಳು ಹೀಗೆಯೇ ಸತ್ತರು. ಅಲ್ಲಿಯೂ ತಾಮ್ರದ ಪಾತ್ರೆ, ಅಲ್ಲಿಯೂ ಹಸುವಿನ ಹಾಲು, ಅದಕ್ಕೆ ಬೆರೆಸಿದ ಸಕ್ಕರೆ. ಪಾತ್ರೆ ಬದಲಾಯಿತು, ಸಾವು ನಿಂತಿತು. ಅಲ್ಲೂ ಇಲ್ಲೂ ಮಕ್ಕಳನ್ನು ಉಳಿಸಿದ್ದು ಯಂತ್ರವಲ್ಲ ಎಂಬುದನ್ನು ಯಂತ್ರದಿಂದಲೇ ಹೊಟ್ಟೆ ಹೊರೆಯುವ ನಾನು ಒಪ್ಪಿಕೊಂಡೇ ಮುಂದೆ ಹೋಗಬೇಕು.

ಈಗಿನ ಕಾಯಿಲೆ ಬೇರೆ ಜಾತಿಯದು. ಇಲ್ಲಿ ಲಿವರಿನಲ್ಲಿ ತುಂಬಿಕೊಳ್ಳುವುದು ಕೊಬ್ಬು. ನೂರು ಲಿವರ್ ಜೀವಕೋಶಗಳಲ್ಲಿ ಐದಕ್ಕಿಂತ ಹೆಚ್ಚು ಕೋಶಗಳಲ್ಲಿ ಕೊಬ್ಬಿನ ಹನಿ ಕಂಡರೆ ಅದು ಫ್ಯಾಟಿ ಲಿವರ್. 1980ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಲುಡ್ವಿಗ್ ಮತ್ತು ಸಂಗಡಿಗರು, ಹೆಂಡ ಮುಟ್ಟದವರಲ್ಲೂ ಕುಡುಕರ ಲಿವರಿನಂಥದೇ ಲಿವರ್ ಇರುತ್ತದೆಂದು ತೋರಿಸಿದರು. ಮೂರು ವರ್ಷದ ಮೇಲೆ, 1983ರಲ್ಲಿ, ಅದು ಮಕ್ಕಳಲ್ಲೂ ಇದೆ ಎಂಬ ಮೊದಲ ವರದಿ ಬಂತು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1993ರಿಂದ 2003ರವರೆಗೆ ಅಪಘಾತ ಮುಂತಾದ ಕಾರಣಗಳಿಂದ ಸತ್ತ 742 ಮಕ್ಕಳ ಶವಪರೀಕ್ಷೆಯ ಲಿವರ್ ತುಣುಕುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಊರಿನ ಮಕ್ಕಳ ಲೆಕ್ಕಕ್ಕೆ ಹೊಂದಿಸಿದಾಗ ನೂರಕ್ಕೆ ಸುಮಾರು 10 ಮಕ್ಕಳಲ್ಲಿ, ಬೊಜ್ಜಿದ್ದವರಲ್ಲಿ ನೂರಕ್ಕೆ 38ರಲ್ಲಿ ಫ್ಯಾಟಿ ಲಿವರ್ ಇತ್ತು. ಆ ಮಕ್ಕಳಲ್ಲಿ ಯಾರೂ ಲಿವರ್ ಕಾಯಿಲೆಯಿಂದ ಸತ್ತವರಲ್ಲ ಎಂಬುದನ್ನು ಗಮನಿಸಿ. ಇದು ನೋವು ಕೊಡದ, ಜ್ವರ ತರದ, ಶಾಲೆ ತಪ್ಪಿಸದ ಕಾಯಿಲೆ. ಎಲ್ಲರಲ್ಲೂ ಮುಂದುವರಿಯುವುದಿಲ್ಲ. ಮುಂದುವರಿದ ಕೆಲವರಲ್ಲಿ ಮಾತ್ರ ಲಿವರ್ ಊದಿ, ಗಾಯದ ಕಲೆ ಕಟ್ಟಿ, ವರ್ಷಗಳ ಮೇಲೆ ಸಿರೋಸಿಸ್ ಆಗುತ್ತದೆ. ಸಕ್ಕರೆ ಕಾಯಿಲೆಯೂ ಹೃದಯದ ಕಾಯಿಲೆಯೂ ಅದಕ್ಕಿಂತ ಮೊದಲೇ ಬಾಗಿಲು ತಟ್ಟುತ್ತವೆ.

ನಮ್ಮ ದೇಶದ ಲೆಕ್ಕ ಕೇಳಿದರೆ ಗಾಬರಿಯಾಗುತ್ತದೆ. 2022ರಲ್ಲಿ ದೆಹಲಿಯ ಏಮ್ಸ್ ತಜ್ಞರು ಭಾರತದ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಮಕ್ಕಳಲ್ಲಿ ನೂರಕ್ಕೆ 35 ಎಂಬ ಸಂಖ್ಯೆ ಬಂತು. ಪತ್ರಿಕೆಗಳು ಅದನ್ನೇ ದಪ್ಪಕ್ಷರದಲ್ಲಿ ಹಾಕಿದವು. ಬಿಡಿಸಿ ನೋಡಿದರೆ ಬೊಜ್ಜಿನ ಮಕ್ಕಳಲ್ಲಿ 63, ಉಳಿದವರಲ್ಲಿ 12. ಬೊಜ್ಜಿನ ಮಕ್ಕಳನ್ನೇ ಆರಿಸಿ ನೋಡಿದ ಅಧ್ಯಯನಗಳು ಹೆಚ್ಚಾಗಿ ಸೇರಿದರೆ ಸರಾಸರಿ ಏರುವುದು ಸಹಜ. ಆದ್ದರಿಂದ ಮೂಡಿಗೆರೆಯ ಯಾವುದೋ ಶಾಲೆಗೆ ಹೋಗಿ 'ಇಲ್ಲಿ ಮೂವರಲ್ಲಿ ಒಬ್ಬರಿಗೆ ಲಿವರ್ ಕೆಟ್ಟಿದೆ' ಎಂದು ಭಾಷಣ ಮಾಡುವುದು ಸರಿಯಲ್ಲ. ಹಾಗೆಂದು ನೂರಕ್ಕೆ 12 ಎಂಬುದೂ ತಳ್ಳಿಹಾಕುವ ಸಂಖ್ಯೆಯಲ್ಲ.

ಇನ್ನು ಯಂತ್ರದ ವಿಷಯ. ಕಿವಿಗೆ ಕೇಳದಷ್ಟು ಸೂಕ್ಷ್ಮ ಶಬ್ದದ, ಅಂದರೆ ಅಲ್ಟ್ರಾಸೌಂಡಿನ ಬಗ್ಗೆ ಬೆಂಗಳೂರಿನಲ್ಲೇ ದೊಡ್ಡ ಕೆಲಸ ನಡೆದಿದೆ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸಿನಲ್ಲಿದ್ದ ಸಿ.ವಿ. ರಾಮನ್ ಮತ್ತು ನಾಗೇಂದ್ರನಾಥ್ 1935-36ರಲ್ಲಿ, ಇಂಥ ಶಬ್ದದ ಅಲೆಗಳು ಹಾಯುವ ದ್ರವದಲ್ಲಿ ಬೆಳಕು ಹೇಗೆ ಬಾಗಿ ಒಡೆಯುತ್ತದೆ ಎಂಬ ಸಿದ್ಧಾಂತ ಕಟ್ಟಿದರು. ಅದು ಇವತ್ತಿಗೂ ಅವರಿಬ್ಬರ ಹೆಸರಲ್ಲೇ ಇದೆ. ವೈದ್ಯರ ಕೈಗೆ ಈ ಶಬ್ದ ಬಂದದ್ದು ಬೇರೆ ದಾರಿಯಲ್ಲಿ. ಸ್ಕಾಟ್ಲೆಂಡಿನ ಗ್ಲಾಸ್ಗೋದ ಹೆರಿಗೆ ವೈದ್ಯ ಇಯಾನ್ ಡೊನಾಲ್ಡ್, ಬಾಯ್ಲರ್ ಕಾರ್ಖಾನೆಯಲ್ಲಿ ಉಕ್ಕಿನ ಬಿರುಕು ಹುಡುಕುವ ಯಂತ್ರವನ್ನು ನೋಡಿ, ಆಪರೇಷನ್ನಿನಲ್ಲಿ ತೆಗೆದ ಗೆಡ್ಡೆಗಳನ್ನು ಕಾರಿನಲ್ಲಿ ಹಾಕಿಕೊಂಡು ಹೋಗಿ ಅದರಲ್ಲಿ ಪರೀಕ್ಷಿಸಿದ. 1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದ ಅವನ ಲೇಖನದಿಂದ ನಮ್ಮ ಕಸುಬು ಶುರು.

ಮಗುವಿಗೆ ಸ್ಕ್ಯಾನ್ ಹೇಗೆ ಮಾಡುತ್ತೇವೆ? ಖಾಲಿ ಹೊಟ್ಟೆಯಲ್ಲಿ ಬಂದಿದ್ದರೆ ಒಳ್ಳೆಯದು, ಪಿತ್ತಕೋಶವೂ ಚೆನ್ನಾಗಿ ಕಾಣುತ್ತದೆ. ಮಂಚದ ಮೇಲೆ ಮಲಗಿಸಿ, ಬಲಗೈಯನ್ನು ತಲೆಯ ಮೇಲಕ್ಕೆ ಎತ್ತಿಸಿ, ಪಕ್ಕೆಗೆ ಜೆಲ್ ಹಚ್ಚುತ್ತೇವೆ. ಜೆಲ್ ತಣ್ಣಗಿರುತ್ತದೆ, ಆಷಾಢದಲ್ಲಂತೂ ಮಕ್ಕಳು ಹಾರಿ ಬೀಳುತ್ತಾರೆ. "ಉಸಿರು ಎಳ್ಕೊಂಡು ಹಿಡ್ಕೊ ಮಗ" ಎಂದರೆ ಲಿವರ್ ಪಕ್ಕೆಲುಬಿನ ಮರೆಯಿಂದ ಕೆಳಗಿಳಿದು ಬರುತ್ತದೆ. ಕೈಯಲ್ಲಿರುವ ಪ್ರೋಬ್ ಸೆಕೆಂಡಿಗೆ ಮೂವತ್ತು ನಲವತ್ತು ಲಕ್ಷ ಸಲ ಕಂಪಿಸಿ ಶಬ್ದ ಕಳಿಸುತ್ತದೆ, ಹಿಂದಿರುಗಿ ಬಂದದ್ದನ್ನು ಕೇಳಿಸಿಕೊಳ್ಳುತ್ತದೆ. ಮೈಯೊಳಗೆ ಆ ಶಬ್ದದ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಎಷ್ಟು ಹೊತ್ತಿಗೆ ಮರಳಿತು ಎಂಬುದರಿಂದ ಆಳ, ಎಷ್ಟು ಜೋರಾಗಿ ಮರಳಿತು ಎಂಬುದರಿಂದ ಪರದೆಯ ಮೇಲಿನ ಬಿಳುಪು. ಎಕ್ಸ್-ರೇ ಥರದ ವಿಕಿರಣ ಇದರಲ್ಲಿಲ್ಲ, ಮಗುವಿಗೆ ಅಪಾಯವೂ ಇಲ್ಲ.

ಪರದೆಯ ಮೇಲೆ ಲಿವರ್ ಮತ್ತು ಬಲ ಮೂತ್ರಪಿಂಡ ಅಕ್ಕಪಕ್ಕ ಬರುವ ಜಾಗ ಒಂದಿದೆ. ಆರೋಗ್ಯವಂತ ಮಗುವಿನಲ್ಲಿ ಎರಡರ ಬಣ್ಣವೂ ಹೆಚ್ಚುಕಡಿಮೆ ಒಂದೇ ಬೂದಿ. ಲಿವರಿನಲ್ಲಿ ಕೊಬ್ಬಿನ ಹನಿಗಳು ತುಂಬಿದಾಗ ಶಬ್ದ ಚದುರಿ, ಹೆಚ್ಚು ಹೆಚ್ಚು ಹಿಂದಿರುಗಿ, ಲಿವರ್ ಬೆಳ್ಳಗಾಗುತ್ತದೆ. ಮೂತ್ರಪಿಂಡ ಮೊದಲಿನ ಬೂದಿಯಲ್ಲೇ ಉಳಿದು, ಪಕ್ಕದಲ್ಲಿ ಕಪ್ಪಗೆ ಕಾಣುತ್ತದೆ. ಕೊಬ್ಬು ಇನ್ನೂ ಹೆಚ್ಚಾದರೆ ಲಿವರಿನೊಳಗಿನ ರಕ್ತನಾಳದ ಗೋಡೆಗಳ ಗೆರೆ ಅಳಿಸುತ್ತದೆ. ಕೊನೆಯ ಹಂತದಲ್ಲಿ ಹಿಂದಿನ ವಪೆಯ ಗೆರೆಯೂ ಮಾಯ. ಚಾರ್ಮಾಡಿ ಘಾಟಿಯಲ್ಲಿ ಮಂಜು ಕವಿದಾಗ ಹೆಡ್‌ಲೈಟ್ ಹಾಕಿದರೆ ಎದುರಿನ ನಾಲ್ಕು ಮಾರು ಬೆಳ್ಳಗೆ ಹೊಳೆದು, ಆಚೆಯ ಕಣಿವೆ ಕಾಣದೇ ಹೋಗುವುದಿಲ್ಲವೇ, ಹಾಗೆ. ಈ ಮೂರು ಹಂತಗಳನ್ನೇ ರಿಪೋರ್ಟಿನಲ್ಲಿ ಗ್ರೇಡ್ 1, 2, 3 ಎಂದು ಬರೆಯುವುದು.

ಕೇಳಲು ಸರಳ. ತೊಂದರೆ ಇರುವುದು ಗ್ರೇಡ್ 1ರಲ್ಲಿ. ಯಂತ್ರದಲ್ಲಿ ಗೇನ್ ಎಂಬ ತಿರುಗಣೆ ಇದೆ. ಅದನ್ನು ಸ್ವಲ್ಪ ಏರಿಸಿದರೆ ಯಾರ ಲಿವರ್ ಬೇಕಾದರೂ ಬೆಳ್ಳಗೆ ಕಂಡೀತು, ಇಳಿಸಿದರೆ ಬೆಳ್ಳಗಿದ್ದದ್ದೂ ಬೂದಿಯಾದೀತು. ಪ್ರೋಬ್ ಹಳತಾಗಿದ್ದರೆ ಒಂದು ಥರ, ಮಗುವಿನ ಹೊಟ್ಟೆಯ ಮೇಲೆ ಕೊಬ್ಬಿನ ಪದರ ದಪ್ಪವಾಗಿದ್ದರೆ ಇನ್ನೊಂದು ಥರ. ಒಂದೇ ಚಿತ್ರವನ್ನು ಇಬ್ಬರು ರೇಡಿಯಾಲಜಿಸ್ಟರಿಗೆ ತೋರಿಸಿದರೆ ಒಬ್ಬರು ನಾರ್ಮಲ್ ಎಂದಾರು, ಇನ್ನೊಬ್ಬರು ಗ್ರೇಡ್ 1 ಎಂದಾರು. ಆದ್ದರಿಂದಲೇ ಲಿವರ್ ಮತ್ತು ಮೂತ್ರಪಿಂಡ ಎರಡೂ ಒಂದೇ ಚಿತ್ರದಲ್ಲಿ, ಒಂದೇ ಆಳದಲ್ಲಿ ಇರಬೇಕೆಂದು ನಾವು ಹಟ ಹಿಡಿಯುವುದು. ನಿಮ್ಮ ಮಗುವಿನ ಫಿಲ್ಮಿನಲ್ಲಿ ಅಂಥ ಒಂದು ಚಿತ್ರ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಅಂಕಿ ಹೇಳುವುದಾದರೆ, ದೊಡ್ಡವರಲ್ಲಿ ಲಿವರಿನ ಕೊಬ್ಬು ನೂರಕ್ಕೆ 20-30 ದಾಟಿದಾಗ ಅಲ್ಟ್ರಾಸೌಂಡ್ ನೂರಕ್ಕೆ ಸುಮಾರು 85 ಮಂದಿಯಲ್ಲಿ ಹಿಡಿಯುತ್ತದೆಂದು 2011ರ ಒಂದು ದೊಡ್ಡ ವಿಶ್ಲೇಷಣೆ ಹೇಳುತ್ತದೆ. ಒಳ್ಳೆಯ ಸಾಧನೆಯೇ. ಅದಕ್ಕಿಂತ ಕಡಿಮೆ ಕೊಬ್ಬಿದ್ದಾಗ ಮಾತ್ರ ಕಣ್ಣು ಮಬ್ಬು. ಮಕ್ಕಳ ಅಧ್ಯಯನಗಳನ್ನು 2014ರಲ್ಲಿ ಒಟ್ಟಾಗಿ ಪರಿಶೀಲಿಸಿದವರಿಗೆ, ಸ್ಕ್ಯಾನಿನಲ್ಲಿ ಇದೆ ಎಂದ ನೂರು ಮಕ್ಕಳಲ್ಲಿ ನಿಜವಾಗಿ ಫ್ಯಾಟಿ ಲಿವರ್ ಇರುವವರು 47ರಿಂದ 62 ಮಾತ್ರ ಎಂದು ಕಂಡಿತು. ಯುರೋಪಿನ ಮಕ್ಕಳ ಲಿವರ್ ತಜ್ಞರು 2012ರಲ್ಲಿ ರಕ್ತಪರೀಕ್ಷೆಯ ಜೊತೆ ಸ್ಕ್ಯಾನಿಗೂ ಜಾಗ ಕೊಟ್ಟಿದ್ದರು. ಉತ್ತರ ಅಮೆರಿಕದವರು 2017ರಲ್ಲಿ ಮಕ್ಕಳನ್ನು ಜರಡಿ ಹಿಡಿಯಲು ಅಲ್ಟ್ರಾಸೌಂಡ್ ಬೇಡ ಎಂದೇ ಬರೆದರು. ನನ್ನ ಮನಸ್ಸು ಎರಡನೆಯವರ ಕಡೆಗಿದೆ. ಸ್ಕ್ಯಾನ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ರಕ್ತದಲ್ಲಿ ಲಿವರಿನ ಕಿಣ್ವ ಏರಿರುವ ಮಗುವಿನಲ್ಲಿ ಬೇರೆ ಕಾಯಿಲೆ ಇದೆಯೇ, ಗುಲ್ಮ ದೊಡ್ಡದಾಗಿದೆಯೇ, ಪಿತ್ತಕೋಶದಲ್ಲಿ ಕಲ್ಲಿದೆಯೇ ಎಂದು ನೋಡಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಆದರೆ ಅದು ಎರಡನೆಯ ಅಥವಾ ಮೂರನೆಯ ಮೆಟ್ಟಿಲು. ಮೊದಲನೆಯದಾಗಲು ಅದಕ್ಕೆ ಯೋಗ್ಯತೆ ಸಾಲದು.

ನಮ್ಮ ಸೀಮೆಯಲ್ಲಿ ಅದು ಮೊದಲ ಮೆಟ್ಟಿಲಾಗಲು ಸಾಧ್ಯವೂ ಇಲ್ಲ. ಲಸಿಕೆ ಪೆಟ್ಟಿಗೆಯನ್ನು ಜೀಪಿನಲ್ಲಿಟ್ಟುಕೊಂಡು ಸಂಸೆ, ಹೊರನಾಡು ಸುತ್ತಿ ಬಂದ ಹಾಗೆ ಸ್ಕ್ಯಾನಿಂಗ್ ಯಂತ್ರವನ್ನು ಶಾಲೆಯಿಂದ ಶಾಲೆಗೆ ಒಯ್ಯಲಾಗದು. 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ ಪ್ರಕಾರ ಪ್ರತಿ ಯಂತ್ರಕ್ಕೂ ನೋಂದಣಿ ಬೇಕು, ನೋಂದಾಯಿಸಿದ ಜಾಗದಲ್ಲೇ ಅದು ಇರಬೇಕು. ಕೈಯಲ್ಲಿ ಹಿಡಿದು ಓಡಾಡುವ ಸಣ್ಣ ಯಂತ್ರಗಳಿಗೂ 2012ರ ತಿದ್ದುಪಡಿ ನಿಯಮಗಳು ಬೇಲಿ ಹಾಕಿವೆ. ಒಂದೋ ನೋಂದಾಯಿತ ಆಸ್ಪತ್ರೆಯ ಒಳರೋಗಿಗಳಿಗೆ, ಇಲ್ಲವೇ ಬೇರೆ ಸೇವೆಗಳನ್ನೂ ಕೊಡುವ ಸಂಚಾರಿ ಆಸ್ಪತ್ರೆ ವಾಹನದಲ್ಲಿ ಮಾತ್ರ. ಹೆಣ್ಣುಮಕ್ಕಳನ್ನು ಉಳಿಸಲು ಹಾಕಿದ ಬೇಲಿ ಅದು, ಮಕ್ಕಳ ಲಿವರಿನ ನೆಪದಲ್ಲಿ ಅದನ್ನು ಸಡಿಲಿಸಿ ಎಂದು ನಾನು ಕೇಳುವುದಿಲ್ಲ. ಕಳಸದ ತಾಯಿ ಮಗುವನ್ನು ಕರೆದುಕೊಂಡು ಚಿಕ್ಕಮಗಳೂರಿಗೆ ಬರಬೇಕು, ಇಲ್ಲವೇ ಕುದುರೆಮುಖದ ದಾರಿ ಹಿಡಿದು ಕಾರ್ಕಳ, ಮಣಿಪಾಲಕ್ಕೆ ಇಳಿಯಬೇಕು. ತೋಟದ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ದುಡ್ಡು ಹೋಯಿತು, ಮಗುವಿಗೆ ಘಾಟಿಯಲ್ಲಿ ವಾಂತಿಯೂ ಆಯಿತು. ಇಷ್ಟೆಲ್ಲ ಮಾಡಿಸಿ 'ಗ್ರೇಡ್ 1 ಇರಬಹುದು' ಎಂಬ ಚೀಟಿ ಕೊಟ್ಟು ಕಳಿಸಿದರೆ ಅವಳಿಗೆ ಏನು ಸಿಕ್ಕಿತು?

ಹಾಗಾದರೆ ಮೊದಲ ಮೆಟ್ಟಿಲು ಯಾವುದು? ನಮ್ಮ ಕಡೆ ಗಂಡುಮಕ್ಕಳಿಗೆ ಉಡಿದಾರ ಕಟ್ಟುವ ರೂಢಿ ಇದೆ. ಎತ್ತರ ಬೆಳೆಯದೆ ಉಡಿದಾರ ಮಾತ್ರ ಪದೇಪದೇ ಬಿಗಿಯಾಗುತ್ತಿದ್ದರೆ ಅದನ್ನು ಮೊದಲು ಗಮನಿಸುವವಳು ಸ್ನಾನ ಮಾಡಿಸುವ ಅಜ್ಜಿ. ಅಷ್ಟೇ ಸುಲಭದ ಇನ್ನೊಂದು ಪರೀಕ್ಷೆ ಹೇಳುತ್ತೇನೆ. ಒಂದು ದಾರ ತೆಗೆದುಕೊಳ್ಳಿ. ಮಗುವನ್ನು ಗೋಡೆಗೆ ನಿಲ್ಲಿಸಿ, ಹಿಮ್ಮಡಿಯಿಂದ ನೆತ್ತಿಯವರೆಗೆ ಅಳೆದು ಕತ್ತರಿಸಿ. ದಾರವನ್ನು ಸರಿಯಾಗಿ ಎರಡು ಮಡಿಕೆ ಮಾಡಿ, ಮಗು ಉಸಿರು ಬಿಟ್ಟಾಗ ಹೊಕ್ಕುಳಿನ ಸ್ವಲ್ಪ ಮೇಲೆ ಸೊಂಟಕ್ಕೆ ಸುತ್ತಿ. ಮಡಿಸಿದ ದಾರದ ಎರಡು ತುದಿ ಕೂಡಿದರೆ ಸರಿ, ಕೂಡದೆ ನಡುವೆ ಹೊಟ್ಟೆ ಉಳಿದರೆ ಎಚ್ಚರ. ಸೊಂಟದ ಸುತ್ತಳತೆ ಎತ್ತರದ ಅರ್ಧ ಮೀರಬಾರದು ಎಂಬ ಈ ಸೂತ್ರವನ್ನು ಇಂಗ್ಲೆಂಡಿನ ಸರ್ಕಾರಿ ಮಾರ್ಗಸೂಚಿಯೂ 2022ರಲ್ಲಿ ಐದು ವರ್ಷ ಮೇಲ್ಪಟ್ಟ ಮಕ್ಕಳಿಗೆ ಒಪ್ಪಿದೆ. ಖರ್ಚು ಒಂದು ತುಂಡು ದಾರ.

ಎರಡನೆಯದು ಕುತ್ತಿಗೆ. ಕೆಲವು ಮಕ್ಕಳ ಕತ್ತಿನ ಹಿಂದೆ, ಕಂಕುಳಲ್ಲಿ, ಮಖಮಲ್ಲಿನ ಹಾಗೆ ದಪ್ಪಗಾದ ಕಪ್ಪು ಪಟ್ಟೆ ಬರುತ್ತದೆ. ಮನೆಯವರು ಕೊಳೆ ಎಂದುಕೊಂಡು ಹೀರೇಕಾಯಿಯ ನಾರು ಹಾಕಿ ತಿಕ್ಕುತ್ತಾರೆ. ಎಷ್ಟು ತಿಕ್ಕಿದರೂ ಹೋಗದು, ಮಗುವಿಗೆ ಉರಿ, ಶಾಲೆಯಲ್ಲಿ ಅವಮಾನ. ಅದು ಕೊಳೆಯಲ್ಲ. ಮೈಯಲ್ಲಿ ಇನ್ಸುಲಿನ್ ಅತಿಯಾಗಿ ಓಡಾಡುತ್ತಿದೆ ಎಂಬ ಗುರುತು. ದಯವಿಟ್ಟು ತಿಕ್ಕುವುದು ನಿಲ್ಲಿಸಿ, ಡಾಕ್ಟರಿಗೆ ತೋರಿಸಿ.

ಈ ಎರಡರಲ್ಲಿ ಅನುಮಾನ ಬಂದ ಮಗುವಿಗೆ ಎಸ್‌ಜಿಪಿಟಿ ಎಂಬ ಒಂದು ರಕ್ತಪರೀಕ್ಷೆ. ಮೂಡಿಗೆರೆಯ ಯಾವ ಲ್ಯಾಬಿನಲ್ಲಾದರೂ ಆಗುತ್ತದೆ. ಬೊಜ್ಜಿರುವ ಮಕ್ಕಳಿಗೆ ಒಂಬತ್ತರಿಂದ ಹನ್ನೊಂದು ವರ್ಷದೊಳಗೆ ಇದನ್ನು ಮಾಡಿಸಿ ಎಂಬುದೇ ಆ 2017ರ ಮಾರ್ಗಸೂಚಿ. ಒಂದು ಎಚ್ಚರಿಕೆ ಮಾತ್ರ ಇದೆ. ಬಹಳಷ್ಟು ಲ್ಯಾಬ್‌ಗಳ ಚೀಟಿಯಲ್ಲಿ 40ರವರೆಗೂ ನಾರ್ಮಲ್ ಎಂದು ಅಚ್ಚಾಗಿರುತ್ತದೆ. ಅದು ದೊಡ್ಡವರ ಲೆಕ್ಕ. ಹೆಣ್ಣುಮಕ್ಕಳಿಗೆ 22, ಗಂಡುಮಕ್ಕಳಿಗೆ 26 ದಾಟಿದರೆ ಹೆಚ್ಚು ಎಂದೇ ತಿಳಿಯಬೇಕು. ಅದರ ಎರಡರಷ್ಟಾಗಿ ಮೂರು ತಿಂಗಳಾದರೂ ಇಳಿಯದಿದ್ದರೆ, ಅಥವಾ ಒಮ್ಮೆಗೇ 80 ದಾಟಿದ್ದರೆ, ಆಗ ಬಸ್ಸು ಹತ್ತಿ ನಮ್ಮ ಕೋಣೆಗೆ ಬನ್ನಿ.

ದಪ್ಪ ಮಕ್ಕಳ ಮಾತೇ ಆಡಿದೆ. ತೆಳ್ಳಗಿನವರ ವಿಷಯ ಇನ್ನೂ ಸೂಕ್ಷ್ಮ. ಪುಣೆಯ ಕೆ.ಇ.ಎಂ. ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್'ನಲ್ಲಿ ತಮ್ಮದೇ ಫೋಟೋ ಹಾಕಿದ್ದರು. ಇಬ್ಬರ ಬಿ.ಎಂ.ಐ. ಒಂದೇ, 22.3. ಮೈಕೊಬ್ಬು ಮಾತ್ರ ಯುಡ್ಕಿನ್‌ಗೆ ನೂರಕ್ಕೆ 9.1, ನಮ್ಮ ಯಾಜ್ಞಿಕರಿಗೆ 21.2. ಕಡಿಮೆ ತೂಕದಲ್ಲಿ ಹುಟ್ಟಿದ ಭಾರತದ ಕೂಸುಗಳಲ್ಲೂ ಮಾಂಸಖಂಡ ಕಡಿಮೆ, ಕೊಬ್ಬು ಮಾತ್ರ ಉಳಿದಿರುತ್ತದೆ ಎಂಬುದು ಅವರ ಸಂಶೋಧನೆ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ 1997-98ರಿಂದ ಗರ್ಭಿಣಿಯರನ್ನೂ ಅವರಿಗೆ ಹುಟ್ಟಿದ ಮಕ್ಕಳನ್ನೂ ವರ್ಷವರ್ಷ ಹಿಂಬಾಲಿಸಿದ ಅಧ್ಯಯನವೊಂದಿದೆ. ಗರ್ಭಿಣಿಯಾಗಿದ್ದಾಗ ಸಕ್ಕರೆ ಏರಿದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಐದನೇ ವರ್ಷಕ್ಕೇ ಮೈಕೊಬ್ಬು ಹೆಚ್ಚಾಗಿತ್ತು. ಆದ್ದರಿಂದ ನಮ್ಮ ಮಕ್ಕಳನ್ನು ಅಳೆಯಲು ಅಮೆರಿಕದ ಚಾರ್ಟ್ ಸಾಲದು. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2015ರಲ್ಲಿ ಮಾಡಿದ ಚಾರ್ಟಿನಲ್ಲಿ ಬೊಜ್ಜಿನ ಗೆರೆಗಳು ಕೆಳಗಿವೆ, ಅದನ್ನೇ ಬಳಸಬೇಕು.

ತೋಟದ ಕೂಲಿಕಾರರ ಲೈನ್ ಮನೆಯ ಮಕ್ಕಳ ಕಥೆ ಇನ್ನೊಂದು. ಬಯಲುಸೀಮೆಯಿಂದಲೋ ಅಸ್ಸಾಮಿನಿಂದಲೋ ಕೆಲಸಕ್ಕೆ ಬಂದವರ ಕೂಸು, ಕೈಕಾಲು ಕಡ್ಡಿ, ಮುಖ ಊತ, ಕೂದಲು ಕೆಂಚು. ಅದರ ಹೊಟ್ಟೆಯ ಮೇಲೆ ಪ್ರೋಬ್ ಇಟ್ಟರೂ ಲಿವರ್ ಬೆಳ್ಳಗೇ ಕಾಣುತ್ತದೆ! ಪ್ರೋಟೀನ್ ಇಲ್ಲದ ಮಗುವಿನ ಲಿವರಿಗೆ ಕೊಬ್ಬನ್ನು ಹೊರಗೆ ಸಾಗಿಸುವ ಶಕ್ತಿ ಇರುವುದಿಲ್ಲ. 1933ರಲ್ಲಿ ಆಫ್ರಿಕಾದ ಗೋಲ್ಡ್ ಕೋಸ್ಟಿನಲ್ಲಿ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ ವರ್ಣಿಸಿದ ಕ್ವಾಷಿಯೋರ್ಕರ್ ಇದೇ. ಮಾಲೀಕರ ಬಂಗಲೆಯ ಮಗುವಿನ ಬಿಳಿ ಲಿವರೂ ಲೈನ್ ಮನೆಯ ಮಗುವಿನ ಬಿಳಿ ಲಿವರೂ ನನ್ನ ಪರದೆಯ ಮೇಲೆ ಒಂದೇ. ಒಂದಕ್ಕೆ ತಟ್ಟೆಯಿಂದ ತೆಗೆಯಬೇಕು, ಇನ್ನೊಂದಕ್ಕೆ ಬಡಿಸಬೇಕು. ಯಂತ್ರಕ್ಕೆ ಆ ವ್ಯತ್ಯಾಸ ಗೊತ್ತಾಗದು, ಮಗುವನ್ನು ನೋಡಿದವರಿಗೆ ಗೊತ್ತಾಗುತ್ತದೆ. ಹಾಗೆಯೇ ತೆಳ್ಳಗಿನ ಮಗುವಿನಲ್ಲಿ ಕಾರಣವಿಲ್ಲದೆ ಲಿವರ್ ಬೆಳ್ಳಗಿದ್ದರೆ ವಿಲ್ಸನ್ ಕಾಯಿಲೆ ಇದೆಯೇ ಎಂದು ನೋಡಲೇಬೇಕು. ಅದೂ ತಾಮ್ರದ್ದೇ ಕಾಯಿಲೆ, ಆದರೆ ಪಾತ್ರೆಯಿಂದಲ್ಲ, ತಂದೆತಾಯಿ ಇಬ್ಬರಿಂದಲೂ ಬರುವಂಥದ್ದು. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾದ ಮನೆಗಳಲ್ಲಿ ಹೆಚ್ಚು. ಬೇಗ ಹಿಡಿದರೆ ಔಷಧಿ ಇದೆ, ಬಿಟ್ಟರೆ ಪ್ರಾಣಕ್ಕೇ ಬರುತ್ತದೆ. ಅದನ್ನು 'ಫ್ಯಾಟಿ ಲಿವರ್, ಎಣ್ಣೆ ಕಡಿಮೆ ಮಾಡಿ' ಎಂದು ಬರೆದು ಕಳಿಸಿದರೆ ಆ ರಿಪೋರ್ಟು ಮಗುವಿಗೆ ದ್ರೋಹ ಮಾಡಿದಂತೆ.

ಮಲೆನಾಡಿನ ಮಕ್ಕಳಿಗೆ ಈ ಕೊಬ್ಬು ಎಲ್ಲಿಂದ ಬಂತು? ಅಕ್ಕಿರೊಟ್ಟಿ, ಕಡುಬು, ಕಳಲೆ ಪಲ್ಯ ತಿಂದೇ ಇಲ್ಲಿನವರು ತಲೆತಲಾಂತರ ಬದುಕಿದ್ದಾರೆ. ಆಗ ಶಾಲೆಗೆ ನಡೆದು ಹೋಗುತ್ತಿದ್ದರು. ಈಗ ಮೂಡಿಗೆರೆ, ಆಲ್ದೂರು ಕಡೆ ತೋಟದಲ್ಲಿ ಆನೆ ಇದೆ ಎಂದು ವಾಟ್ಸಾಪಿನಲ್ಲಿ ಬಂದ ಮೇಲೆ ಯಾವ ತಾಯಿ ಮಗುವನ್ನು ಕಾಲುದಾರಿಯಲ್ಲಿ ಕಳಿಸುತ್ತಾಳೆ? ಜೀಪು, ಆಟೋ, ಶಾಲೆಯ ವ್ಯಾನು. ಜೂನಿನಿಂದ ನಾಲ್ಕು ತಿಂಗಳು ಆಟದ ಮೈದಾನ ಕೆಸರು. ಮನೆಯೊಳಗೆ ಮೊಬೈಲು. ಇದರಲ್ಲಿ ಮಕ್ಕಳ ಸೋಮಾರಿತನ ಎಂದು ಬೈಯುವಂಥದ್ದು ನನಗೆ ಕಾಣುವುದಿಲ್ಲ. ಬೈಯುವುದಾದರೆ ಅಂಗಡಿಯ ಮುಂದೆ ತೋರಣ ಕಟ್ಟಿದ ಐದು ರೂಪಾಯಿ ಪೊಟ್ಟಣಗಳನ್ನೂ ಹತ್ತು ರೂಪಾಯಿಯ ಜ್ಯೂಸನ್ನೂ ಬೈಯಬೇಕು. ಇಂಥ ಸಿಹಿ ಪಾನೀಯದಲ್ಲಿ 100 ಮಿಲಿಗೆ ಸುಮಾರು 10 ಗ್ರಾಂ ಸಕ್ಕರೆ. 250 ಮಿಲಿ ಕುಡಿದರೆ ಆರು ಚಮಚ. ಸಕ್ಕರೆಯ ಅರ್ಧ ಭಾಗ ಫ್ರಕ್ಟೋಸ್, ಅದರ ಬಹುಪಾಲು ಲಿವರಿಗೇ ಬರುತ್ತದೆ, ಅತಿಯಾದರೆ ಒಂದು ಪಾಲು ಅಲ್ಲೇ ಕೊಬ್ಬಾಗುತ್ತದೆ.

ಸಕ್ಕರೆಯ ಮೇಲಿನ ಈ ಆರೋಪ ಬರೀ ಊಹೆಯಲ್ಲ. 2019ರಲ್ಲಿ ಅಮೆರಿಕದಲ್ಲಿ ಫ್ಯಾಟಿ ಲಿವರ್ ಇದ್ದ 40 ಹುಡುಗರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಮನೆಯ ಊಟದಿಂದ, ಇಡೀ ಮನೆಗೇ, ಎಂಟು ವಾರ ಸಕ್ಕರೆ ಬಹುತೇಕ ತೆಗೆದುಬಿಟ್ಟರು. ಎಂ.ಆರ್.ಐ.ನಲ್ಲಿ ಅಳೆದ ಲಿವರ್ ಕೊಬ್ಬು 25ರಿಂದ 17ಕ್ಕೆ ಇಳಿಯಿತು. ಎಂದಿನಂತೆ ತಿಂದ ಗುಂಪಿನಲ್ಲಿ 21 ಇದ್ದದ್ದು 20 ಆಯಿತು. ಎಂಟೇ ವಾರ! ಮಾತ್ರೆಯ ವಿಷಯದಲ್ಲಿ ಇಂಥ ಸುದ್ದಿ ನನ್ನ ಬಳಿ ಇಲ್ಲ. 173 ಮಕ್ಕಳಿಗೆ ವಿಟಮಿನ್ ಇ ಅಥವಾ ಮೆಟ್‌ಫಾರ್ಮಿನ್ ಕೊಟ್ಟು ನೋಡಿದ 2011ರ ಪ್ರಯೋಗದಲ್ಲಿ ಎಸ್‌ಜಿಪಿಟಿ ಇಳಿಸುವುದರಲ್ಲಿ ಎರಡೂ ಬರಿಯ ಸಿಹಿಗುಳಿಗೆಯನ್ನು ಮೀರಿಸಲಿಲ್ಲ. 2024ರಿಂದ ಅಮೆರಿಕದಲ್ಲಿ ಬಂದಿರುವ ಹೊಸ ಔಷಧಿಗಳು ದೊಡ್ಡವರಿಗೆ. ಮೆಡಿಕಲ್ ಶಾಪಿನಲ್ಲಿ ಮಕ್ಕಳ ಲಿವರಿಗೆಂದು ಕೇಳಿ ತರುವ ಟಾನಿಕ್ಕುಗಳಲ್ಲಿ ಕೆಲವಕ್ಕೆ ಸಿಹಿಗಾಗಿ ಸಕ್ಕರೆ ಪಾಕವನ್ನೇ ಹಾಕಿರುತ್ತಾರೆ, ಲೇಬಲ್ ಓದಿ ನೋಡಿ.

ಬೆಳೆಯುವ ಮಗುವಿಗೆ ಉಪವಾಸ ಬೇಡ. ತೂಕ ಇಳಿಸುವುದೂ ಎಷ್ಟೋ ಸಲ ಬೇಡ, ಏರದಂತೆ ನಿಲ್ಲಿಸಿದರೆ ಎತ್ತರ ಬೆಳೆದು ತಾನೇ ಸರಿಹೋಗುತ್ತದೆ. ಶಾಲೆಯ ಕ್ಷೀರಭಾಗ್ಯದ ಹಾಲನ್ನು ದೂರಬೇಡಿ, ಬಿಸಿಯೂಟದ ಮೊಟ್ಟೆಯನ್ನು ಬಿಡಿಸಬೇಡಿ. ಎರಡೂ ಲೈನ್ ಮನೆಯ ಮಗುವಿಗೆ ಬೇಕೇ ಬೇಕು, ಬಂಗಲೆಯ ಮಗುವಿಗೂ ಕೆಡುಕಲ್ಲ. ಒಂದು ಮಗುವಿಗೆ ಮಾತ್ರ ಪಥ್ಯ ಮಾಡಿಸಿ ಅಪ್ಪ ಎದುರಿಗೆ ಕೂತು ಬಜ್ಜಿ ತಿಂದರೆ ಏನೂ ಆಗದು. ಆ ಅಮೆರಿಕದ ಪ್ರಯೋಗದಲ್ಲೂ ಪಥ್ಯ ಇದ್ದದ್ದು ಇಡೀ ಮನೆಗೆ. ಕಾಫಿಯ ಬಗ್ಗೆ ಈ ಊರಿನಲ್ಲಿ ಮಾತಾಡಿ ಕಾಫಿ ಬಿಟ್ಟರೆ ನೀವು ಒಪ್ಪಲಾರಿರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2016ರಲ್ಲಿ, ಕಾಫಿ ಕುಡಿಯುವವರಲ್ಲಿ ಲಿವರ್ ಕ್ಯಾನ್ಸರ್ ಕಡಿಮೆ ಕಾಣುತ್ತದೆ ಎಂದಿತು. ಅದು ದೊಡ್ಡವರ ಮಾತು. ಮಕ್ಕಳ ಲೋಟಕ್ಕೆ ಡಿಕಾಕ್ಷನ್ ಸುರಿಯಲು ಅದು ಪರವಾನಗಿಯಲ್ಲ, ನಾಲ್ಕು ಚಮಚ ಸಕ್ಕರೆಯ ಜೊತೆಗಂತೂ ಅಲ್ಲವೇ ಅಲ್ಲ.

ಸರ್ಕಾರ ಏನೂ ಮಾಡಿಲ್ಲವೇ ಎಂದರೆ, 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಫ್ಯಾಟಿ ಲಿವರನ್ನು ಸಕ್ಕರೆ ಕಾಯಿಲೆ, ಬಿ.ಪಿ.ಗಳ ರಾಷ್ಟ್ರೀಯ ಕಾರ್ಯಕ್ರಮದೊಳಗೆ ಸೇರಿಸಿದೆ. ಮಕ್ಕಳಿಗಾಗಿ 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಇದೆ. ಅದರ ತಂಡ ವರ್ಷಕ್ಕೊಮ್ಮೆ ಸರ್ಕಾರಿ ಶಾಲೆಗೆ, ಎರಡು ಸಲ ಅಂಗನವಾಡಿಗೆ ಬರಬೇಕು. ಅವರು ಎತ್ತರ, ತೂಕ ನೋಡುತ್ತಾರೆ. ಸೊಂಟದ ಅಳತೆಗೆ ಒಂದು ಕಾಲಂ, ಕುತ್ತಿಗೆಗೆ ಒಂದು ಟಿಕ್ ಗುರುತು, ಇಷ್ಟು ಸೇರಿಸಲು ಹೊಸ ಯೋಜನೆಯಾಗಲಿ ಹೊಸ ಯಂತ್ರವಾಗಲಿ ಬೇಕಿಲ್ಲ. ಚಿಕ್ಕಮಗಳೂರಿನಲ್ಲಿ ಈಗ ವೈದ್ಯಕೀಯ ಕಾಲೇಜೂ ಇದೆ. ಅಲ್ಲಿನ ವಿದ್ಯಾರ್ಥಿಗಳು ಈ ಅಳತೆಯನ್ನು ಕೈಗೆತ್ತಿಕೊಂಡರೆ ನಮ್ಮ ಮಕ್ಕಳ ಲೆಕ್ಕ ದೆಹಲಿಯ ಸರಾಸರಿಯಿಂದ ಊಹಿಸುವ ಪಾಡು ತಪ್ಪುತ್ತದೆ. ಖಾಸಗಿ ಶಾಲೆಗಳಿಗೆ ಆ ತಂಡ ಬರುವುದಿಲ್ಲ, ದಪ್ಪ ಮಕ್ಕಳು ಹೆಚ್ಚಿರುವುದು ಅಲ್ಲೇ. ಆಡಳಿತ ಮಂಡಳಿಯವರು ಇಲ್ಲಿ ಇದ್ದೀರಿ, ನಿಮ್ಮ ಸ್ಪೋರ್ಟ್ಸ್ ಡೇ ಹಿಂದಿನ ವಾರ ಅಳೆಸಿ. ಹೆಸರು ಕೂಗಿ ಎಲ್ಲರ ಎದುರು ತೂಕ ಓದಬೇಡಿ, ಚೀಟಿಯನ್ನು ಮುಚ್ಚಿದ ಲಕೋಟೆಯಲ್ಲಿ ಮನೆಗೆ ಕಳಿಸಿ.

ಸ್ಕ್ಯಾನ್ ಮಾಡಿಸಿದವರಿಗೆ ಒಂದು ಮಾತು. ಹಳೆಯ ಫಿಲ್ಮು, ರಿಪೋರ್ಟು ಬಿಸಾಡಬೇಡಿ. ಮತ್ತೆ ಮಾಡಿಸುವುದಾದರೆ ಆದಷ್ಟು ಅದೇ ಯಂತ್ರದಲ್ಲಿ ಮಾಡಿಸಿ, ಹೋಲಿಸಿ ನೋಡಲು ಹೇಳಿ. 'ನಾರ್ಮಲ್' ಎಂದು ಬಂದರೆ ಹಬ್ಬ ಮಾಡಬೇಡಿ, 'ಗ್ರೇಡ್ 1' ಎಂದು ಬಂದರೆ ಅಳಬೇಡಿ. ಎರಡರಲ್ಲೂ ಮಗುವಿನ ಸೊಂಟ, ಎಸ್‌ಜಿಪಿಟಿ, ಮನೆಯ ಸಕ್ಕರೆ ಡಬ್ಬಿ ಈ ಮೂರನ್ನು ನೋಡಿಯೇ ಡಾಕ್ಟರರು ಮುಂದಿನದನ್ನು ಹೇಳಬೇಕು.

ಕೊನೆಯದಾಗಿ ದತ್ತಿಯವರಲ್ಲಿ ಒಂದು ಬಿನ್ನಹ. ಉಪನ್ಯಾಸಕರಿಗೆಂದು ಬಡ್ಡಿಯಲ್ಲಿ ಎತ್ತಿಟ್ಟಿರುವ ಗೌರವಧನವನ್ನು ನನಗೆ ಕೊಡಬೇಡಿ. ಅದರಲ್ಲಿ ಎಷ್ಟು ಬರುತ್ತದೋ ಅಷ್ಟು ಅಳತೆ ಟೇಪು, ಗೋಡೆಗೆ ಹಾಕುವ ಎತ್ತರದ ಪಟ್ಟಿ ಮತ್ತು ತೂಕದ ಯಂತ್ರ ಕೊಂಡು ಕಳಸದ ಕಡೆಯ ಶಾಲೆಗಳಿಗೆ ತಲುಪಿಸಿ. ಮಾಸ್ತರರಿಗೆ ಅಳೆಯುವುದನ್ನು ಕಲಿಸಲು ಯಾವ ಭಾನುವಾರ ಕರೆದರೂ ಬರುತ್ತೇನೆ.